ಮನೆಮಗನಂತೆ ಇದ್ದರು

ಮದಕರಿಪುರ,
೧೭-೧೧-೨೦೨೪, ಭಾನುವಾರ

ಮುದ್ದಿನ ಮಗಳು ಅಂಜಲಿಗೆ,

ಹೇಗಿದ್ದೀಯ ನನ್ನವ್ವಾ? ಮಂಗಳೂರಿನ ನೀರಿಗೆ ಕೂದಲು ಉದುರುತ್ತಿದೆ ಅಂದಿದ್ದೆಯಲ್ಲ, ಈಗ ಕಡಿಮೆಯಾಯಿತಾ? ಆಸ್ಪತ್ರೆಯಲ್ಲಿ ನರ್ಸಿಂಗ್ ತರಬೇತಿಯ ಪಾಳಿ ಮುಗಿಸಿ ಬಂದವಳು ಹಾಗೇ ಮುದುರಿಕೊಂಡು ಮಲಗಬೇಡ, ಒಂದು ಲೋಟ ಹಾಲಾದರೂ ಕುಡಿ. ಕಳಿಸಿದ ರಾಗಿ ಹುರಿಹಿಟ್ಟು ಗೆಳತಿಯರೇ ಖಾಲಿ ಮಾಡಿದರು ಅಂತ ಗೊತ್ತು, ಇನ್ನೊಂದು ಡಬ್ಬಿ ಮಾಡಿಟ್ಟಿದ್ದೇನೆ. ನನ್ನ ಮಂಡಿನೋವು ಹಾಗೇ ಇದೆ, ಹೆಚ್ಚೂ ಇಲ್ಲ ಕಮ್ಮಿಯೂ ಇಲ್ಲ. ಚಳಿ ಶುರುವಾಗಿದೆ. ಪಕ್ಕದ ಮನೆಯ ಓಬಕ್ಕ ದಿನಾ ಬಂದು ಎರಡು ಬೈದು, ಊಟ ಮಾಡಿಸಿಯೇ ಹೋಗುತ್ತಾಳೆ.

ಫೋನ್ ಇರುವಾಗ ಈ ಅಮ್ಮನಿಗೆ ಕಾಗದ ಬರೆಯುವ ಹುಚ್ಚು ಯಾಕೆ ಬಂತು ಅಂತ ನಗಬೇಡ. ಗುರುವಾರ ಸಂಜೆ ನೀನು ಫೋನ್ ಮಾಡಿ ಅಪ್ಪನ ಪರಿಹಾರದ ವಿಚಾರಣೆ ಹೇಗಾಯಿತು ಅಂತ ಕೇಳಿದಾಗ "ಎಲ್ಲಾ ಚೆನ್ನಾಗಾತು ಕಣೆ, ಕುಕ್ಕರ್ ಕೂಗ್ತಾ ಐತೆ" ಅಂತ ಇಟ್ಟುಬಿಟ್ಟೆನಲ್ಲ, ಅವತ್ತು ಒಲೆಯನ್ನೇ ಹಚ್ಚಿರಲಿಲ್ಲ. ಬಾಯಲ್ಲಿ ಹೇಳಿದರೆ ನೀನು ಕೂಗಾಡುತ್ತೀಯ, ಇಲ್ಲವೇ ಸುಮ್ಮನಾಗುತ್ತೀಯ. ನೀನು ಸುಮ್ಮನಾಗುವುದೇ ನನಗೆ ಹೆಚ್ಚು ಭಯ. ಅದಕ್ಕೇ ಬರೆಯುತ್ತಿದ್ದೇನೆ, ಪೂರ್ತಿ ಓದಿ ಆಮೇಲೆ ಸಿಟ್ಟು ಮಾಡಿಕೊ.

ನಿನ್ನ ಅಪ್ಪ ಶಾಸಕರ ಮನೆಗೆ ಸೇರಿದಾಗ ನಿನಗೆ ಮೂರು ವರ್ಷ. ದುರ್ಗದ ಅವರ ಮನೆಯ ಮುಂದಿನ ರೂಮೇ ಆಫೀಸು. ಬೆಳಿಗ್ಗೆ ಆರಕ್ಕೆ ಹೋದರೆ ವಾಪಸು ಬರುವುದಕ್ಕೆ ಹೊತ್ತೂ ಇಲ್ಲ ಗೊತ್ತೂ ಇಲ್ಲ. ಅರ್ಜಿ ಬರೆಯುವುದು, ಶಿಫಾರಸು ಪತ್ರ ಟೈಪ್ ಮಾಡುವುದು, ವರ್ಗಾವಣೆಗೆ ಬಂದವರನ್ನು ಸಮಾಧಾನ ಮಾಡಿ ಕೂರಿಸುವುದು, ಸಾಹೇಬರಿಗೆ ಬರಲಾಗದ ಮದುವೆಗೂ ಸಾವಿನ ಮನೆಗೂ ಅವರ ಹೆಸರಲ್ಲಿ ಹೋಗಿ ನಿಲ್ಲುವುದು. ಸರ್ಕಾರ ಕೊಟ್ಟ ಸಹಾಯಕ ಬೇರೆ ಒಬ್ಬರಿದ್ದರು, ಅವರು ಪಟ್ಟಿಯಲ್ಲಿದ್ದರು, ಅಪ್ಪ ಕೆಲಸದಲ್ಲಿದ್ದರು. ತಿಂಗಳ ಮೊದಲ ವಾರ ಸಾಹೇಬರೇ ಕೈಯಲ್ಲಿ ಒಂದು ಕವರು ಇಡುತ್ತಿದ್ದರು. ಕೆಲಸಕ್ಕೆ ತಗೊಂಡಿದ್ದಕ್ಕೆ ಒಂದು ಆರ್ಡರ್ ಕಾಪಿ ಇಸ್ಕಳ್ರಿ ಅಂತ ನಾನು ಎಷ್ಟು ಸಲ ಬಡ್ಕೊಂಡಿಲ್ಲ? "ಏನೇ ದಾಕ್ಷಾ, ತಲೆ ಕೆಟ್ಟೈತಾ ನಿಂಗೆ? ಮನೆಮಗ ಯಾರಾದ್ರೂ ಆರ್ಡರ್ ಕೇಳ್ತಾನಾ?" ಅನ್ನುತ್ತಿದ್ದರು. ಆ ಮಾತು ಕೇಳಿ ನಾನೂ ಉಬ್ಬುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ನಲ್ಲಿ ಹತ್ತಿರ ಯಾರಾದರೂ ನಿಮ್ಮ ಯಜಮಾನರು ಏನು ಮಾಡ್ತಾರೆ ಅಂದರೆ, "ಎಮ್ಮೆಲ್ಲೆ ಸಾಹೇಬ್ರ ಮನೇಲಿ ಮನೆಮಗನಂಗೆ ಅವ್ರೆ" ಅಂತ ಕೊಡ ತುಂಬಿ ಹರಿದರೂ ಹೇಳುತ್ತಾ ನಿಂತಿರುತ್ತಿದ್ದೆ.

ಸಾವಿನ ಮನೆಗಳಿಗೆ ಸಾಹೇಬರ ಹೆಸರಲ್ಲಿ ಹೋಗುತ್ತಿದ್ದ ಸಂತಾಪ ಪತ್ರವನ್ನೂ ಅಪ್ಪನೇ ಬರೆದದ್ದು, ಅದು ನಿನಗೆ ಗೊತ್ತಿಲ್ಲ. ಒಂದು ಭಾನುವಾರ ನಾನು ಅವರೆಕಾಳು ಬಿಡಿಸುತ್ತಾ ಕೂತಿದ್ದಾಗ ಪೆನ್ನು ಕಚ್ಚಿಕೊಂಡು, "'ನಿಮ್ಮ ದುಃಖದಲ್ಲಿ ನಾನೂ ಮನೆಯವನಂತೆ ಭಾಗಿ' ಅಂತ ಹಾಕಿದ್ರೆ ಹೆಂಗಿರ್ತೈತೆ?" ಅಂತ ಕೇಳಿದ್ದರು. ಹಾಕ್ರಿ, ಚೆನ್ನಾಗೈತೆ ಅಂದೆ. ಆಮೇಲೆ ಎಷ್ಟು ಮನೆಗಳಿಗೆ ಆ ಕಾಗದ ಹೋಯಿತೋ, ಹೆಸರು ಮಾತ್ರ ಬದಲಾಗುತ್ತಿತ್ತು. ಈ ಆಗಸ್ಟಿನಲ್ಲಿ ಅಂಥದೇ ಒಂದು ಸಾವಿನ ಮನೆಗೆ, ಹೊಸದುರ್ಗದ ಕಡೆಗೆ, ಸಾಹೇಬರ ಪರವಾಗಿ ಹಾರ ತೆಗೆದುಕೊಂಡು ಬೈಕಿನಲ್ಲಿ ಹೊರಟರು. ಹೊಳಲ್ಕೆರೆ ದಾಟಿದ ಮೇಲೆ ಲಾರಿ. ಆಸ್ಪತ್ರೆಗೆ ಮೊದಲು ಓಡಿ ಬಂದವನು ಸಾಹೇಬರ ಡ್ರೈವರ್ ದುರುಗಣ್ಣ. ಬೈಕಿಗೆ ನೇತುಹಾಕಿದ್ದ ಚೀಲದಲ್ಲಿ ಹಾರ ಬಾಡದೆ ಹಾಗೇ ಇತ್ತಂತೆ. ಬೇರೆಯವರಿಗೆ ಅಂತ ತಂದ ಹಾರವನ್ನು ದುರುಗಣ್ಣ ಅಪ್ಪನ ಎದೆಯ ಮೇಲೆ ಹಾಕಿದ. ಹನ್ನೊಂದನೇ ದಿನ ಶಿವಗಣಾರಾಧನೆಗೆ ಸಾಹೇಬರ ಹೆಂಡತಿ ಅಮ್ಮಾವ್ರು ಬಂದು ಒಂದು ಕವರು ಕೊಟ್ಟರಲ್ಲ, ಓದಿ ನಾನು ಅಷ್ಟು ಜೋರಾಗಿ ಅತ್ತದ್ದು ಯಾಕೆ ಅಂತ ನೀನು ಕೇಳಿದ್ದೆ. ಅದು ಅದೇ ಕಾಗದ ಮಗಳೆ. ಅಪ್ಪನ ಸಾವಿಗೆ ಅಪ್ಪನೇ ಬರೆದ ಕಾಗದ ಬಂದಿತ್ತು.

ಇರಲಿ, ಗುರುವಾರದ್ದು ಹೇಳುತ್ತೇನೆ. ನೀನು ಹೇಳಿಕೊಟ್ಟದ್ದನ್ನೆಲ್ಲ ನಾಲ್ಕು ದಿನ ರೊಟ್ಟಿ ತಟ್ಟುತ್ತಾ ಬಾಯಿಪಾಠ ಮಾಡಿದ್ದೆ. "ಅಮ್ಮಾ, ಮೂರೇ ಮಾತು. ಎಷ್ಟು ಗಂಟೆಗೆ ಹೋಗೋರು, ಯಾರು ಹೇಳಿದ ಕೆಲಸ ಮಾಡೋರು, ಸಂಬಳ ಯಾರು ಕೊಡೋರು." ನಮ್ಮ ವಕೀಲೆ ಫರ್ಹಾನಾ ಆಟೋದಲ್ಲಿಯೂ ಒಂದು ಸಲ ಒಪ್ಪಿಸಿಕೊಂಡಳು, ಪಾಪ, ಒಳ್ಳೆ ಹುಡುಗಿ. ಲೇಬರ್ ಆಫೀಸಿನ ಒಳಗೆ ಕಾಲಿಟ್ಟರೆ ಅಮ್ಮಾವ್ರು ಮೊದಲೇ ಬಂದು ಕೂತಿದ್ದಾರೆ. ನನ್ನ ನೋಡಿದ ಕೂಡಲೇ ಎದ್ದು ಬಂದು, "ಬಾ ದಾಕ್ಷಾಯಿಣಿ, ಎಷ್ಟು ಇಳ್ದೋಗಿದೀಯ" ಅಂತ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು, ಮನೆಯಿಂದ ತಂದ ಫ್ಲಾಸ್ಕಿನ ಕಾಫಿ ಕೊಟ್ಟರು. ಎದುರು ಕಕ್ಷಿಯವರ ಕಾಫಿ ಕುಡಿಯಬಾರದು ಅಂತ ನನಗೆ ಹೊಳೆಯಲೇ ಇಲ್ಲ. ಹೋದ ವರ್ಷದ ಗೌರಿ ಹಬ್ಬಕ್ಕೆ ಅವರು ಕೊಟ್ಟ ಸೀರೆಯನ್ನೇ ಉಟ್ಟುಕೊಂಡು ಹೋಗಿದ್ದೆ, ಇದ್ದುದರಲ್ಲಿ ಅದೇ ಚೆನ್ನಾಗಿತ್ತು. ಅವರ ವಕೀಲರು ಎದ್ದು, ಕೊಟ್ರೇಶಪ್ಪನವರು ನೌಕರರೇ ಅಲ್ಲ, ಅಭಿಮಾನದಿಂದ ಬಂದು ಹೋಗುತ್ತಿದ್ದ ಕಾರ್ಯಕರ್ತರು ಅಂದರು. ಹದಿನೇಳು ವರ್ಷ ಯಾರಾದರೂ ಬೆಳಿಗ್ಗೆ ಆರಕ್ಕೆ ಅಭಿಮಾನದಿಂದ ಹೋಗುತ್ತಾರೇನೆ? ಆಗ ಅಧಿಕಾರಿ ಮೇಡಮ್ ನನ್ನ ಕಡೆ ತಿರುಗಿ, ತುಂಬಾ ಮೆತ್ತಗೆ, "ಹೆದರ್ಬ್ಯಾಡ್ರಮ್ಮ, ಆ ಮನೇಲಿ ನಿಮ್ಮ ಯಜಮಾನ್ರು ಏನಾಗಿದ್ರು ಹೇಳ್ರಿ" ಅಂದರು. ಅಮ್ಮಾವ್ರು ನನ್ನ ಕೈ ಹಿಡಿದುಕೊಂಡಿದ್ದರು. ನನ್ನ ಬಾಯಿಂದ ಬಂದದ್ದು ಒಂದೇ ಮಾತು: "ಮನೆಮಗನಂಗೆ ಇದ್ರು ಮೇಡಮ್."

ಅವರ ವಕೀಲರು ಥಟ್ಟನೆ "ಅದನ್ನೇ ಬರ್ಕಳಿ ಮೇಡಮ್" ಅಂದರು. ಟೈಪ್ ಮಾಡಿದರು, ಓದಿ ಹೇಳಿದರು, ಸರಿನಾ ಅಂತ ಕೇಳಿದರು. ಸರಿ ಅಂದೆ. ಸಹಿ ಹಾಕಿದೆ ಅಂಜಲಿ. ನಿನ್ನ ಮೂರು ಮಾತಲ್ಲಿ ಒಂದನ್ನೂ ಹೇಳಲಿಲ್ಲ. ಫರ್ಹಾನಾ ಮುಖ ನೋಡಿದಾಗಲೇ ಏನೋ ಅನಾಹುತ ಮಾಡಿದೆ ಅಂತ ಗೊತ್ತಾಗಿದ್ದು. ಮೆಟ್ಟಿಲ ಹತ್ತಿರ ಅವಳು ಬೈಯಲೂ ಇಲ್ಲ. "ಅಕ್ಕಾ, ನೀವು ಸುಳ್ಳು ಹೇಳ್ಲಿಲ್ಲ ಬಿಡ್ರಿ. ಆದ್ರೆ ಮನೆಮಗ ಸತ್ರೆ ಮನೆಯೋರು ಪರಿಹಾರ ಕೊಡ್ಬೇಕು ಅಂತ ಯಾವ ಕಾನೂನಲ್ಲೂ ಇಲ್ಲ" ಅಂದಳು. ಇಪ್ಪತ್ತೆಂಟಕ್ಕೆ ಮತ್ತೆ ತಾರೀಖಿದೆ, ಅವತ್ತು ಇನ್ನೊಂದು ಹೇಳಿಕೆ ಕೊಡಬಹುದಂತೆ, ಆದರೆ ಮೊದಲು ಹಾಗೆ ಯಾಕೆ ಹೇಳಿದೆ ಅಂತ ಅವರ ವಕೀಲರು ಹಿಂಡುತ್ತಾರಂತೆ. ಜೊತೆಗೆ ಕೆಲಸ ಮಾಡಿದವರು ಒಬ್ಬರಾದರೂ ಸಾಕ್ಷಿ ಹೇಳಬೇಕಂತೆ. ಹೊರಗೆ ಕಾರಿನ ಹತ್ತಿರ ದುರುಗಣ್ಣ ನಿಂತಿದ್ದ. ಕೇಳಿಯೇಬಿಟ್ಟೆ. "ಅಕ್ಕಾ, ನನ್ ಹೊಟ್ಟೆಪಾಡು ಇನ್ನೂ ಅದೇ ಮನೇಲೈತೆ" ಅಂತ ನೆಲ ನೋಡಿಕೊಂಡು ಕಾರಿನ ಗಾಜು ಒರೆಸತೊಡಗಿದ. ಒರೆಸಿದ ಗಾಜನ್ನೇ ಒರೆಸುತ್ತಿದ್ದ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೂ ಆರ್ಡರ್ ಕಾಪಿ ಇಲ್ಲ.

ಮೂರು ದಿನದಿಂದ ಒಂದೇ ಯೋಚನೆ. ಮನೆಮಗ ಅನ್ನುತ್ತಿದ್ದೆನಲ್ಲ, ನಿನ್ನ ಅಪ್ಪ ಆ ಮನೆಯಲ್ಲಿ ಊಟಕ್ಕೆ ಎಲ್ಲಿ ಕೂರುತ್ತಿದ್ದರು ಗೊತ್ತಾ? ಹಿಂದಿನ ಜಗಲಿಯಲ್ಲಿ, ದುರುಗಣ್ಣನ ಪಕ್ಕ. ಅವರೇ ಖುಷಿಯಿಂದ ಹೇಳುತ್ತಿದ್ದರು, ಅಮ್ಮಾವ್ರು ಜಗಲಿಗೇ ಬಂದು ಇನ್ನೊಂದು ಹೋಳಿಗೆ ಹಾಕಿದರು ಅಂತ. ಮನೆಮಗನಿಗೆ ಯಾರಾದರೂ ಹಿಂದಿನ ಜಗಲಿಯಲ್ಲಿ ಎಲೆ ಹಾಕುತ್ತಾರಾ? ನೀನು ಹತ್ತನೇ ಕ್ಲಾಸಲ್ಲಿ ಬಹುಮಾನ ತಗೊಂಡ ದಿನ ಎರಡು ಗಂಟೆ ರಜೆ ಕೇಳಿ, ಸಿಗದೆ, ಫೋನಲ್ಲೇ ಚಪ್ಪಾಳೆ ಕೇಳಿಸಿಕೊಂಡರಲ್ಲ. ಹೋಳಿಗೆ ತಿಂದ ಕಥೆಯನ್ನು ನಾನು ಊರೆಲ್ಲಾ ಹೇಳಿದೆ, ಜಗಲಿಯ ಕಥೆಯನ್ನು ನನಗೆ ನಾನೇ ಹೇಳಿಕೊಳ್ಳಲಿಲ್ಲ. ಅಮ್ಮಾವ್ರು ಕೆಟ್ಟವರಲ್ಲ, ಅವರ ಕೈ ಬೆಚ್ಚಗೇ ಇತ್ತು. ಆದರೂ ಆ ಬೆಚ್ಚನೆ ನೆನಪಾದಾಗಲೆಲ್ಲ ಎದ್ದು ಹೋಗಿ ಕೈ ತೊಳೆದುಕೊಂಡು ಬರುತ್ತೇನೆ. ದಡ್ಡಿ ನಾನು. ಅಪ್ಪ ಹದಿನೇಳು ವರ್ಷ ದುಡಿದದ್ದನ್ನು ಒಂದೇ ಮಾತಲ್ಲಿ ಇಲ್ಲ ಅನ್ನಿಸಿಬಿಟ್ಟೆ. ಕ್ಷಮಿಸು ಅಂತ ಕೇಳಲೂ ಮುಖವಿಲ್ಲ.

ಓಬಕ್ಕ ನಿನ್ನ ಕೇಳಿದಳು ಅಂತ ಬರಿ ಅಂದಳು. ವೇಳೆಗೆ ಸರಿಯಾಗಿ ತಿನ್ನು, ಓದು ಬಿಡಬೇಡ. ನೀನು ಎಲ್ಲಿ ಕೆಲಸಕ್ಕೆ ಸೇರಿದರೂ ಮೊದಲು ಆರ್ಡರ್ ಕೈಗೆ ತಗೊಂಡು, ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋಗು. ನಿನ್ನ ಅಪ್ಪನ ಆಶೀರ್ವಾದ, ನನ್ನದೂ, ಯಾವಾಗಲೂ ನಿನ್ನ ನೆತ್ತಿಯ ಮೇಲಿರಲಿ.

ನಿನ್ನ ಅಮ್ಮ,
ದಾಕ್ಷಾಯಿಣಿ

ಇನ್ನೊಂದು ಮಾತು: ಕವರು ಅಂಟಿಸುವಷ್ಟರಲ್ಲಿ ದುರುಗಣ್ಣ ಬಂದ. ಬೈಕು ಆಫ್ ಕೂಡ ಮಾಡದೆ ಬಾಗಿಲಲ್ಲೇ ನಿಂತು, "ಅಕ್ಕಾ, ನೀವೇ ಮನೆಮಗ ಅಂದ್ಮೇಲೆ ಡ್ರೈವರ್ ನಾನು ಹೆಂಗೆ ಆಳು ಅನ್ಲಿ? ನೀವು ಒಂದ್ಸಲ ಆಳು ಅಂತ ಅಂದ್ಬಿಡ್ರಿ, ನಿಮ್ಮ ಹಿಂದೆ ನಾನೂ ಅಂತೀನಿ. ಕೆಲ್ಸ ಹೋದ್ರೆ ಹೋಗ್ಲಿ" ಅಂದು ಹೊರಟೇಹೋದ. ಆಗಿನಿಂದ ಒಲೆ ಮುಂದೆ ನಿಂತು ಹೇಳಿ ನೋಡುತ್ತಿದ್ದೇನೆ, ನನ್ನ ಗಂಡ ಆ ಮನೆಯಲ್ಲಿ ಆಳಾಗಿದ್ದರು ಅಂತ. ಅಪ್ಪನ ಫೋಟೋ ಕಡೆ ಬೆನ್ನು ಮಾಡಿದರೆ ಮಾತು ಬರುತ್ತದೆ, ತಿರುಗಿದರೆ ಮತ್ತೆ ಮನೆಮಗ ಅಂತಲೇ ಬಾಯಿಗೆ ಬರುತ್ತದೆ. ಇಪ್ಪತ್ತೆಂಟಕ್ಕೆ ಒಂದು ದಿನ ರಜೆ ಕೇಳು ಮಗಳೆ. ಮೊದಲೇ ಬಂದು ಅಮ್ಮಾವ್ರು ಕೂತಿದ್ದ ಕುರ್ಚಿಯಲ್ಲಿ ನೀನು ಕೂತಿರು. ಅವತ್ತು ನನ್ನ ಕೈ ನೀನು ಹಿಡಿದುಕೊ.