ರೊಟ್ಟಿ ಬಡಿಯುವ ಸದ್ದು ನಿಂತಲ್ಲಿ

ಬಾದಾಮಿ
೬ ಜುಲೈ ೨೦೨೫

ನನ್ನ ತಂಗಿ ಶಾರವ್ವನ ಮಗಳು, ಮುದ್ದಿನ ನಾಗರತ್ನಾಳಿಗೆ ಅಮಾತೆಪ್ಪ ಮಾವನ ಆಶೀರ್ವಾದಗಳು.

ನೀನು ಫೋನಿನಲ್ಲಿ ಅತ್ತದ್ದು ನನಗೆ ಸರಿ ಬರಲಿಲ್ಲ. ಇಳಕಲ್ಲಿನ ನೇಕಾರರ ಸಂಘದಲ್ಲಿ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ, ಆಗಲೇ ನಿನ್ನ ಟಿಪ್ಪಣಿಯನ್ನು ಕಾರ್ಯದರ್ಶಿ ತಿರುಗಿ ಕಳಿಸಿದರಂತೆ. "ಪೂರಾ ಓದಿದೆವ್ವಾ, ನಿನಗ ಏನ್ ಬೇಕು ಅನ್ನೂದ ತಿಳೀಲಿಲ್ಲ" ಅಂದರಂತೆ. ಮುಂದಿನ ಸೋಮವಾರ ಮಂಡಳಿಯ ಸಭೆ. ಅಷ್ಟರೊಳಗೆ ಅದು ಸರಿಯಾಗದಿದ್ದರೆ, ನೂಲು ಒಯ್ಯಲು ಹಳ್ಳಿಗಳಿಂದ ಬರುವ ಹೆಣ್ಣುಮಕ್ಕಳು ಈ ಮಳೆಗಾಲವೂ ಕತ್ತಲಾದ ಮೇಲೂ ಬಸ್ ಸ್ಟ್ಯಾಂಡಿನಲ್ಲಿ ಕೂಡಬೇಕು.

ಅಳಬೇಡ. ನೀನು ಸರಿಯಾದ ಮನುಷ್ಯನನ್ನೇ ಕೇಳಿದ್ದೀ. ನಾನು ಕಲಿತದ್ದು ಬೇವೂರ ಸಾಲಿಯಲ್ಲಿ ಏಳನೇ ಇಯತ್ತೆಯ ತನಕ ಅಷ್ಟೇ ಇರಬಹುದು. ಆದರೆ ನನ್ನ ಅರ್ಜಿಗೆ ಇಲ್ಲ ಅನ್ನುವ ಅಧಿಕಾರಿ ಬಾಗಲಕೋಟೆ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ವರ್ಗವಾಗಿ ಹೋಗಿದ್ದಾನೆ.

ನೀನು ಕಳಿಸಿದ ಟಿಪ್ಪಣಿಯ ಫೋಟೋ ನೋಡಿದೆ. ನೇಕಾರಿಕೆಯ ಭವ್ಯ ಪರಂಪರೆ ಅಂತ ಸುರುವಾಗಿ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅಂತ ಹೊರಳಿ, ನೂಲು ಹಂಚುವ ಮಾತು ಬರುವುದು ಕಟ್ಟಕಡೆಗೆ. ಅಷ್ಟೊತ್ತಿಗೆ ಓದುವವರ ಮುಂದಿನ ಚಹಾ ಆರಿರುತ್ತದೆ. ಚಹಾ ಮಾರುವವ ನಾನು, ಅದು ಎಷ್ಟು ಬೇಗ ಆರುತ್ತದೆ ಅಂತ ನನಗೆ ಗೊತ್ತು.

ಪಟ್ಟದಕಲ್ಲಿನ ರಸ್ತೆಯಲ್ಲಿ ನನ್ನ ಅಂಗಡಿಯ ಮುಂದೆ ಬಸ್ಸು ನಿಲ್ಲುತ್ತದಲ್ಲ, ಅದು ಮೊದಲು ನಿಲ್ಲುತ್ತಿರಲಿಲ್ಲ. ನಿಲ್ಲಿಸಿದ್ದು ನನ್ನ ಅರ್ಜಿ. ಅದನ್ನು ಊರಿಗೆಲ್ಲ ಹೇಳಿದ್ದೇನೆ. ಹೇಳದ್ದನ್ನು ನಿನಗೆ ಬರೆಯುತ್ತೇನೆ. ಮೊದಲು ಬರೆದದ್ದು ನಾಲ್ಕು ಹಾಳೆ. ಚಾಲುಕ್ಯ ಅರಸರು ಬಂದರು, ಬಸವಣ್ಣನವರು ಬಂದರು, ನಮ್ಮ ಮುತ್ತ್ಯಾನೂ ಬಂದ. ಸಂಜೆ ನಿನ್ನ ಅತ್ತಿ ಸಾವಿತ್ರೆವ್ವ ರೊಟ್ಟಿ ಬಡಿಯುತ್ತಿದ್ದಾಗ ಪಕ್ಕಕ್ಕೆ ಕೂತು ಜೋರಾಗಿ ಓದಿದೆ. ಚಲೋ ಅನ್ನಲಿಲ್ಲ, ಕೆಟ್ಟ ಅನ್ನಲಿಲ್ಲ, ಪಟಪಟ ಬಡಿಯುತ್ತಲೇ ಇದ್ದಳು. ಕೊನೆಯ ಹಾಳೆಯಲ್ಲಿ, ನಮ್ಮ ಓಣಿಯ ಗಾಳೆಪ್ಪನ ಮುದುಕಿ ತಾಯಿ ದವಾಖಾನಿಗೆ ಹೋಗಲು ಬಸ್ಸಿಗೆ ಕೈ ಮಾಡಿದಳು, ಬಸ್ಸು ಹೋಗಿಬಿಟ್ಟ ಮೇಲೂ ಕೈ ಇಳಿಸುವುದನ್ನು ಮರೆತು ನಿಂತಿದ್ದಳು ಅಂತ ಒಂದು ಸಾಲು ಇತ್ತು. ಅಲ್ಲಿ ರೊಟ್ಟಿಯ ಸದ್ದು ನಿಂತಿತು.

"ಏನ್ ಬೇಕು ಅನ್ನೂದನ್ನ ಮೊದಲ ಹೇಳ್ರಿ, ಆಮ್ಯಾಲೆ ಈ ಮುದುಕಿನ್ನ ನಿಲ್ಲಸ್ರಿ," ಅಂದಳು. "ಆ ಅರಸರನ್ನೆಲ್ಲ ಮನಿಗೆ ಕಳಸ್ರಿ."

ನಿನಗೇನು ತಿಳೀತದ ಅಂತ ಸಿಟ್ಟು ಮಾಡಿದೆ. ಉಂಡ ಮೇಲೆ ಅರಸರನ್ನು ಕಳಿಸಿದೆ. ಅರ್ಧ ಹಾಳೆ ಉಳಿಯಿತು. ಶ್ರಾವಣದೊಳಗೆ ಬಸ್ಸು ನಿಂತಿತು. ಅವತ್ತಿನಿಂದ ದಸ್ತಗೀರಸಾಬನ ಗಟಾರದ ಅರ್ಜಿ ಇರಲಿ, ಪಾಂಡಪ್ಪನ ಪಿಂಚಣಿಯದಿರಲಿ, ಎಲ್ಲ ಓದಿದ್ದು ರೊಟ್ಟಿಯ ಹೊತ್ತಿಗೇ. ಸದ್ದು ನಿಂತ ಸಾಲು ಉಳಿಯುತ್ತಿತ್ತು, ನಿಲ್ಲದ್ದು ಹೋಗುತ್ತಿತ್ತು.

ಈಗ ನಿನ್ನದು. ನೂಲು ಹಂಚುವ ಹೊತ್ತನ್ನು ಸಂಜೆಯಿಂದ ಬೆಳಿಗ್ಗೆಗೆ ಬದಲಿಸಲು ಮಂಡಳಿ ಒಪ್ಪಿಗೆ ಕೊಡಬೇಕು. ಇದು ಮೊದಲ ಸಾಲು. ಅದರ ಬೆನ್ನಿಗೇ ನೂಲು ಒಯ್ಯಲು ಬಂದಿದ್ದ ಆ ಕಸ್ತೂರಿಯನ್ನು ತಾ. ಹುನಗುಂದದ ಕಡೆಯ ಆ ಹುಡುಗಿ ಕೊನೆಯ ಬಸ್ಸು ತಪ್ಪಿಸಿಕೊಂಡು, ನೂಲು ತೋಯಬಾರದು ಅಂತ ಸೆರಗು ಅದಕ್ಕೆ ಹೊದಿಸಿ, ತಾನೂ ಕೂಸೂ ತೋಯ್ದುಕೊಂಡು ಕೂತಿದ್ದಳು ಅಂತ ನೀನು ಫೋನಿನಲ್ಲಿ ಹೇಳಿದೆ. ನಾನು ಒಲೆ ಆರಿಸಿ ಕೇಳಿದೆ. ಟಿಪ್ಪಣಿಯಲ್ಲಿ ಆಕೆ ಎಲ್ಲಿ? ಅದು ಆಫೀಸಿನ ಭಾಷೆ ಅಲ್ಲ ಅಂದಿ. ಆಫೀಸಿನವರೂ ಮಳೆಯಲ್ಲಿ ತೋಯುತ್ತಾರವ್ವಾ. ಆಮೇಲೆ, ಅವರು ಅಡ್ಡ ಮಾತು ಎತ್ತುವ ಮೊದಲೇ ಉತ್ತರ ಇಟ್ಟುಬಿಡು. ಉಗ್ರಾಣದ ಯುನೂಸ ಹೇಗೂ ಮುಂಜಾನೆಯೇ ಬಂದಿರುತ್ತಾನೆ, ಸಂಘಕ್ಕೆ ಹೊಸ ಖರ್ಚಿಲ್ಲ ಅಂತ. ಅಲ್ಲಿಗೆ ನಿಲ್ಲಿಸು. ಬರೆದದ್ದನ್ನು ಕೈಯಲ್ಲಿ ಕೆಲಸ ಇದ್ದವರ ಮುಂದೆ ಓದು. ಸುಮ್ಮನೆ ಕೂತವರು ಮರ್ಯಾದೆಗೆ ತಲೆ ಆಡಿಸುತ್ತಾರೆ. ನಿಮ್ಮವ್ವ ಪಲ್ಯ ಹೆಚ್ಚುವಾಗ ಓದು.

ನನ್ನ ಬಗ್ಗೆ ಚಿಂತೆ ಬೇಡ. ಅಂಗಡಿಯಲ್ಲಿ ಉಸಿರಾಡಲು ಬಿಡುವಿಲ್ಲದಷ್ಟು ಮಂದಿ. ಪಂಚಮಿಗೆ ಕರಿಯಾಕ ಬರ್ತೀಯೇನೋ ಅಣ್ಣಾ ಅಂತ ನಿಮ್ಮವ್ವ ಕೇಳಿದಾಗ ಪುರಸೊತ್ತೆಲ್ಲಿದೆ ಅಂದದ್ದು ಅದಕ್ಕೇ. ಅಣ್ಣ ಹೋಗಿ ಕರೆಯದೆ ತಂಗಿ ತವರಿಗೆ ಬರುವುದಿಲ್ಲ, ಗೊತ್ತು. ರೊಟ್ಟಿ ನಾನೇ ಮಾಡಿಕೊಳ್ಳುತ್ತೇನೆ. ಅಂಗಡಿ ಮುಂದಿನ ನಾಯಿ ಅದನ್ನು ಮೂಸಿ, ಸ್ವಲ್ಪ ವಿಚಾರ ಮಾಡಿ, ಆಮೇಲೆ ತಿನ್ನುತ್ತದೆ. ಅರ್ಜಿ ಬರೆಸಲು ಬಂದವರಿಗೆ ಮಾತ್ರ ನಾಳೆ ಬರ್ರಿ ಅನ್ನುತ್ತಿದ್ದೇನೆ. ನಿನ್ನ ಅತ್ತಿ ತೀರಿಕೊಂಡ ಮೇಲೆ ಒಂದನ್ನು ಬರೆದು, ಕುದಿಯುವ ಚಹಾದ ಮುಂದೆ ಓದಿ ನೋಡಿದೆ. ಅದು ಎಲ್ಲ ಸಾಲಿಗೂ ಒಂದೇ ಸಮ ಕುದಿಯುತ್ತದೆ.

ಇಂತಿ,
ಬಸ್ಸನ್ನೇ ನಿಲ್ಲಿಸಿದ ನಿನ್ನ ಮಾವ,
ಅಮಾತೆಪ್ಪ

ತಾ.ಕ.: ಮೊದಲ ಸಾಲಿನಲ್ಲಿ ಬರೆಯಬೇಕಾದದ್ದು ಇಲ್ಲಿಗೆ ಬಂತು. ಪಂಚಮಿಗೆ ನಿಮ್ಮವ್ವನನ್ನು ಕರೆಯಲು ನಾನು ಇಳಕಲ್ಲಿಗೆ ಬರುತ್ತೇನೆ, ನೀವಿಬ್ಬರೂ ನನ್ನ ಜೊತೆ ಬಾದಾಮಿಗೆ ಬರಬೇಕು. ಅಂಗಡಿಯಲ್ಲಿ ಅಷ್ಟೇನೂ ಮಂದಿ ಇಲ್ಲ. ರೊಟ್ಟಿ ಬಡಿಯುವಾಗ ನಡುನಡುವೆ ನನ್ನ ಕೈ ತಾನೇ ನಿಲ್ಲುತ್ತದೆ ನಾಗೂ. ಕಿವಿಗೊಟ್ಟು ಕೇಳುತ್ತೇನೆ. ಪಕ್ಕದಲ್ಲಿ ಯಾರೂ ಓದುತ್ತಿರುವುದಿಲ್ಲ.