ಚಮಚದ ಗಗ್ಗರ

ನಾಶಿಕ, ೪-೮-೧೯೭೧

ತಂಗಿಯ ಮಗಳು ಅನಸೂಯ ಇವತ್ತು ಹೋಟೆಲಿನ ಸಪ್ಲೈಯರನ ಕೈ ಕಚ್ಚಿದಳು. ನಿನ್ನೆ ಸಕ್ಕರೆ ಡಬ್ಬಿಗೆ ಉಪ್ಪು. ಆರು ವರ್ಷದ ಹುಡುಗಿ! ಭಾವ ಉಮಾನಾಥ ಹೊಸ ಹೋಟೆಲು ತೆಗೆಯಲು ಚಿಕಲಠಾಣಾಕ್ಕೆ ಹೋದಾಗಿನಿಂದ ಹೀಗೆ. ಇಲ್ಲಿ ಗಲ್ಲಾ, ಅಡಿಗೆ, ತೊಟ್ಟಿಲ ಕೂಸು — ಎಲ್ಲ ತಂಗಿ ಜಲಜಾಕ್ಷಿಯ ತಲೆಗೆ. ಹುಡುಗಿಗೆ ಬಾರಿಸುತ್ತಾಳೆ, ಮತ್ತೆ ಅಪ್ಪಿಕೊಂಡು ತಾನೇ ಅಳುತ್ತಾಳೆ.

“ಬೆತ್ತ ಬೇಡ, ನನಗೆ ಬಿಡು,” ಎಂದೆ. ನಾನು ಓದಿದ್ದು ಐದನೇ ಕ್ಲಾಸಾದರೇನು, ಕಂಬಳದ ಕೋಣ ಪಳಗಿಸಿದ ಕೈ.

“ನಿನ್ನ ಸಲಿಗೆಯಿಂದಲೇ ಅವಳು ಹಾಳಾದದ್ದು, ಅಣ್ಣ.”

೫-೮, ಮಧ್ಯಾಹ್ನ

ಊಟದ ಗಿರಾಕಿ ಮುಗಿದ ಮೇಲೆ ಚಮಚಗಳನ್ನು ದಾರಕ್ಕೆ ಕಟ್ಟಿ, ಸೌದೆ ಕೋಣೆಯಲ್ಲಿ ಅಡಗಿ ಅಲ್ಲಾಡಿಸಿದೆ. ಝಲ್... ಝಲ್... ಊರ ಭೂತಕೋಲದಲ್ಲಿ ದೈವದ ಕಾಲಿನ ಗಗ್ಗರ ಥೇಟ್ ಹೀಗೇ. “ಯಾರದು, ಅಮ್ಮನ ಮಾತು ಕೇಳದ ಹುಡುಗಿ?” — ದಪ್ಪ ಸ್ವರ. ಅನಸೂಯ ಕಲ್ಲಾದಳು. ಸಂಜೆವರೆಗೆ ಪಿಟ್ಟೆನ್ನಲಿಲ್ಲ. ಏನು ತಲೆ ನನ್ನದು!

೯-೮

ದಿನಾ ಝಲ್. ಕಚ್ಚುವುದು ನಿಂತಿದೆ. ಹಾಸಿಗೆ ಒದ್ದೆ ಮಾಡುತ್ತಾಳೆ, ಅಷ್ಟೆ. ಆದರೆ ಜಲಜಾಕ್ಷಿಗೂ ಕೇಳಿಸಿದೆ.

“ಅಣ್ಣ, ಊರಲ್ಲಿ ಕೋಲ ಕೊಡಿಸದೆ ಎಷ್ಟು ಸಮಯ ಆಯ್ತು! ದೈವ ಇಲ್ಲಿಗೇ ಬಂದಿದೆ. ಕೂಸನ್ನು ಕೇಳ್ತದಾ ಏನೋ...”

ನಗು ಬಂತು. ಅವಳ ಮುಖ ನೋಡಿ ನಿಂತಿತು. ಹೇಳಬೇಕಿತ್ತು. ಹೇಳಲಿಲ್ಲ — ಮಾನದ ಪ್ರಶ್ನೆ.

೧೮-೮

ಚಮಚ ಅಲ್ಲಾಡಿಸುವುದು ಬಿಟ್ಟೆ. ಗಲ್ಲಾದ ಹಿಂದಿನ ಮೊಳೆಗೆ ನೇತು ಹಾಕಿದ್ದೇನೆ. ಪ್ರಯೋಜನವಿಲ್ಲ. ಜಲಜಾಕ್ಷಿ ನಿದ್ದೆ ಮಾಡುತ್ತಿಲ್ಲ. ಕೂಸಿನೊಡನೆ ಮಹಡಿಯ ಕೋಣೆಯಲ್ಲಿ, ಒಳಗಿನಿಂದ ಚಿಲಕ. ಕಬ್ಬಿಣಕ್ಕೆ ಪೀಡೆ ಹತ್ತಿರ ಬರುವುದಿಲ್ಲವೆಂದು ತೊಟ್ಟಿಲಡಿಗೆ ತೆಂಗಿನಕಾಯಿ ಕತ್ತಿ. ಅನಸೂಯಳನ್ನು ಒಳಗೆ ಬಿಡುವುದಿಲ್ಲ.

“ಇವಳ ಮೇಲೆಯೇ ಬಂದದ್ದು ಅದು. ಕಣ್ಣು ನೋಡು!”

ಅನಸೂಯ ಬಾಗಿಲ ಹೊರಗೆ ಕುಳಿತಿದ್ದಳು. “ಮಾಮಾ, ಆಯೀ ನನಗೆ ಹೆದರ್ತಾಳೆ, ಬಘಾ, ನೋಡು,” ಎಂದಳು, ಅಮ್ಮನ ಬಾಗಿಲು ತೋರಿಸಿ. ನಕ್ಕಳೋ, ಅತ್ತಳೋ — ಗೊತ್ತಾಗಲಿಲ್ಲ.

೧೯-೮, ಮಧ್ಯಾಹ್ನ

ಇವತ್ತು ಹೇಳಿಯೇ ಬಿಡುತ್ತೇನೆ. ಬಾಯಿ ಬರುವುದಿಲ್ಲ, ಮೊದಲು ಇಲ್ಲಿ ಬರೆದು ನೋಡುತ್ತೇನೆ. “ಜಲಜಾ, ದೈವ ಅಲ್ಲ, ಈ ಕೋತಿ ಅಣ್ಣನೇ...”

ಝಲ್.

ನಾನು ಗಲ್ಲಾದಲ್ಲಿದ್ದೇನೆ. ಮೊಳೆ ನೋಡಿದೆ. ಖಾಲಿ.

ಝಲ್... ಝಲ್... ಮಹಡಿಯಲ್ಲಿ. ಎಳೆ ಗಂಟಲನ್ನು ದಪ್ಪ ಮಾಡಿದ ಸ್ವರ: “ಯಾರದು, ಹುಡುಗಿಯನ್ನು ಒಳಗೆ ಬಿಡದ ಅಮ್ಮ?”

ಜಲಜಾಕ್ಷಿ ಕಿರುಚಿದಳು: “ಬಾ! ಇವತ್ತು ನೀನೋ ನಾನೋ, ನೋಡಿಯೇ ಬಿಡ್ತೇನೆ!”

ಚಿಲಕ ತೆಗೆದ ಸದ್ದು. ಕತ್ತಿ ತೊಟ್ಟಿಲಡಿಯಲ್ಲೇ ಇದೆಯೋ—

ಜಲಜಾ, ಅದು ನಾ