ಚಿವುಟಿದ ದಡಿ

ಗಾಳಿಶಕೆ ಇನ್ನೂರ ಹದಿನೇಳು, ಮೂರನೆಯ ಶ್ರಾವಣ, ನಲವತ್ತನೆಯ ದಿನ
ಬೆಟಗೇರಿ

ನಮಗಿಂತ ಬಹಳ ಹಿಂದೆ ಬದುಕಿದ ನಿಮಗೆ ನೀಲವ್ವನ ಶರಣು.

ಮೇಲಿನ ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಶ್ರಾವಣ ಮೂರು ಸಲ ಬರುತ್ತದೆ. ಎರಡು ಸಲ ಬರೀ ಗಾಳಿ ತರುತ್ತದೆ, ಒಂದು ಸಲ ಮಳೆ. ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಶಾಲೆಯಲ್ಲಿ ಕಲಿಯಲಿಲ್ಲ, ನಿಮ್ಮ ಸಿನಿಮಾ ನೋಡಿ ಕಲಿತೆ. ಇಲ್ಲಿನ ತೆರೆಮನೆಯಲ್ಲಿ ನನಗೆ ಕೆಲಸ. ತೆರೆಮನೆಯೆಂದರೆ ನಿಮ್ಮ ಟಾಕೀಸು, ಪಂಚಾಯಿತಿ ಕಟ್ಟೆ, ಕಲ್ಯಾಣ ಮಂಟಪ ಮೂರೂ ಒಂದೇ ಸೂರಿನಡಿ ಇದ್ದಂತೆ ಅಂದುಕೊಳ್ಳಿ. ಅದರ ಹಿಂದಿನ ಕೋಣೆಯಲ್ಲಿ ಕೂತು, ಹಾಳಾದ ಹಳೆಯ ಚಿತ್ರಗಳನ್ನು ಒರೆಸಿ, ಹರಿದಲ್ಲಿ ಕೂಡಿಸುವುದು ನನ್ನ ಕಾಯಕ. ಆದ್ದರಿಂದ ಈ ಪತ್ರದಲ್ಲಿ ಎಲ್ಲಾದರೂ ನಾನು ತೊಡೆ ತಟ್ಟಿದಂತೆ ಕಂಡರೆ, ಆ ರೋಗ ನಿಮ್ಮಿಂದಲೇ ಹತ್ತಿದ್ದು.

ನಿಮ್ಮ ಸಿನಿಮಾದ ನಾಯಕನನ್ನು ನಾನು ಚೆನ್ನಾಗಿ ಬಲ್ಲೆ. ಅಪ್ಪ ಸತ್ತರೂ ಅವನ ಕಣ್ಣು ಒದ್ದೆಯಾಗುವುದಿಲ್ಲ. ದವಡೆಯ ನರವೊಂದು ಮಿಡಿಯುತ್ತದೆ, ಹಿಂದೆ ಡೋಲು ಬಡಿಯುತ್ತದೆ, ಮಂದಿ ಶಿಳ್ಳೆ ಹಾಕುತ್ತಾರೆ, ಆಮೇಲೆ ಅವನು ಯಾರನ್ನಾದರೂ ಹೊಡೆಯಲು ಹೊರಡುತ್ತಾನೆ. ದುಃಖ ಬಂದರೆ ಅವನಿಗೆ ಗೊತ್ತಿದ್ದ ದಾರಿ ಅದೊಂದೇ. ನಿಮ್ಮ ಮನೆಗಳಲ್ಲಿಯೂ ಗಾದೆ ತಯಾರಾಗಿತ್ತಲ್ಲ, ಅಳುವ ಗಂಡಸನ್ನು ನಂಬಬಾರದು, ನಗುವ ಹೆಂಗಸನ್ನು ನಂಬಬಾರದು ಎಂದು. ಬಿದ್ದು ಮೊಣಕಾಲು ಕೆತ್ತಿಸಿಕೊಂಡು ಬಂದ ಹುಡುಗನಿಗೆ, ಹೆಣ್ಣುಹುಡುಗಿಯಂತೆ ಅಳಬೇಡ ಎಂದು ಗದರಿದಿರಿ. ಅವನು ಅಳಲಿಲ್ಲ. ನಮ್ಮ ಮನೆಯ ಹಿರಿಯಜ್ಜಿಯೊಬ್ಬಳ ಗಂಡ ಹೆತ್ತ ತಾಯಿ ಸತ್ತಾಗ ಒಂದು ಹನಿ ಉದುರಿಸದೆ ನೆಟ್ಟಗೆ ನಿಂತಿದ್ದನಂತೆ. ಊರು ಭಲೇ ಅಂದಿತು. ಆ ವಾರವೇ ಸಾರಿಗೆ ಉಪ್ಪು ಕಡಿಮೆಯಾಯಿತೆಂದು ಹೆಂಡತಿಯ ಮುಂಗೈ ಮುರಿದ. ಆ ಕೈ ಸೊಟ್ಟಗೇ ಕೂಡಿಕೊಂಡಿತು, ಆಕೆ ಸಾಯುವತನಕ ಎಡಗೈಯಲ್ಲೇ ರೊಟ್ಟಿ ಬಡಿದಳು. ಈ ಕತೆ ಕೇಳಿಸದೆ ನಮ್ಮ ಮನೆಯಲ್ಲಿ ಯಾವ ಹೆಣ್ಣುಮಗಳನ್ನೂ ಬೆಳೆಸಿಲ್ಲ. ನಾನು ನಿಮ್ಮ ಕಾಲವನ್ನು ಹೊಗಳಲು ಬರೆಯುತ್ತಿಲ್ಲ ಎಂಬುದು ನಿಮಗೆ ಮೊದಲೇ ಗೊತ್ತಿರಲಿ.

ಅಂಥ ಮುರಿದ ಕೈಗಳೇ ಸೇರಿ ಕರಗುಕಟ್ಟೆಯನ್ನು ಕಟ್ಟಿದವು. ಮೊದಲು ಅದು ಬೇವಿನ ಮರದ ಕೆಳಗಿನ ಬರೀ ಕಲ್ಲುಕಟ್ಟೆ. ಸಾವಾದ ಮನೆಯ ಗಂಡಸು ಹನ್ನೊಂದನೆಯ ದಿನ ಅಲ್ಲಿ ಬಂದು ಕೂರಬೇಕು, ನಾಲ್ಕು ಜನ ಅವನ ಪಕ್ಕ ಕೂರಬೇಕು, ಅವನು ಮನಸ್ಸಿನಲ್ಲಿದ್ದದ್ದನ್ನು ಹೇಳಿ ಹಗುರಾಗಬೇಕು. ಎಷ್ಟು ಒಳ್ಳೆಯ ಪದ್ಧತಿ! ನನ್ನ ಅಜ್ಜ ಅಲ್ಲಿ ಅತ್ತು ಬಂದು ಹೊಟ್ಟೆ ತುಂಬ ಉಂಡನೆಂದು ಅಜ್ಜಿ ಸಂತೋಷದಿಂದ ಹೇಳುತ್ತಿದ್ದಳು. ಆದರೆ ಸಿನಿಮಾದವರು ಕಣ್ಣು ಹಾಕಿದ ಮೇಲೆ ಯಾವ ಕಟ್ಟೆ ಕಟ್ಟೆಯಾಗಿ ಉಳಿದೀತು? ಈಗ ನಮ್ಮ ನಾಯಕ ಅಳದೆ ಪರದೆಯ ಮೇಲೆ ಕಾಲಿಡುವುದಿಲ್ಲ. ಮೊದಲ ಹನಿ ಬಿದ್ದಾಗ ತೆರೆಮನೆಯಲ್ಲಿ ಹೂವು ತೂರುತ್ತಾರೆ. ಹುಡುಗರು ಕ್ಷೌರದಂಗಡಿಯಲ್ಲಿ ಗಡ್ಡದ ನಡುವೆ ಒಂದು ಸಣ್ಣ ಗೆರೆ ಬೋಳಿಸಿಕೊಳ್ಳುತ್ತಾರೆ, ಹನಿದಾರಿ ಎಂದು ಅದರ ಹೆಸರು, ಕಣ್ಣೀರು ಇಳಿಯುವುದು ದೂರದವರಿಗೂ ಹೊಳೆಯಬೇಕಲ್ಲ! ಮಗಳನ್ನು ಕೊಡುವವರು ವರನಿಗೆ ಒಮ್ಮೆ ಅತ್ತು ತೋರಿಸು ಎನ್ನುತ್ತಾರೆ. ಚುನಾವಣೆಗೆ ನಿಂತವರು ಅಳುವುದನ್ನು ನಾನು ವರ್ಣಿಸುವುದಿಲ್ಲ, ಆ ಒಂದು ವಿಷಯದಲ್ಲಿ ನಿಮಗೂ ನಮಗೂ ಹೆಚ್ಚು ಅಂತರ ಇರಲಾರದು. ಅಳುವುದನ್ನು ಕಲಿಸಲು ಗಲ್ಲಿಗೊಬ್ಬ ಅಳುಮಾಸ್ತರ ಇದ್ದಾನೆ. ಕಟ್ಟೆಯ ಮೇಲೆ ಕರಗದವನನ್ನು ಹೆಪ್ಪು ಎಂದು ಕರೆಯುತ್ತಾರೆ, ಹೆಪ್ಪಾದವನ ಹತ್ತಿರ ಹತ್ತು ವರ್ಷದೊಳಗಿನ ಮಗುವನ್ನು ಬಿಡುವುದಿಲ್ಲ. ಇಂದು ಅಳದವನು ನಾಳೆ ಹೊಡೆಯುತ್ತಾನೆ ಎಂಬುದು ನಮ್ಮ ಕಾನೂನಿನ ನಂಬಿಕೆ. ಅದು ಹುಟ್ಟಿದ್ದು ನಮ್ಮ ಹಿರಿಯಜ್ಜಿಯ ಮುಂಗೈಯಿಂದಲೇ ಆದ್ದರಿಂದ ಅದನ್ನು ಬಾಯಿ ಮಾಡಿ ಬಯ್ಯಲು ನನಗೆ ಧೈರ್ಯ ಸಾಲುವುದಿಲ್ಲ.

ಊರಿಗೊಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಅಂತಾರಲ್ಲ, ಆ ಎಡವಟ್ಟ ನನ್ನ ತಮ್ಮ ಫಕೀರೇಶ. ನೇಕಾರ. ಅವನು, ಅವನ ಹೆಂಡತಿ ದಾಕ್ಷಾಯಿಣಿ ಒಂದೇ ಮಗ್ಗದ ಮೇಲೆ ಸರದಿಯಲ್ಲಿ ಕೂತು ಸೀರೆ ನೇಯುತ್ತಿದ್ದರು. ದಾಕ್ಷಾಯಿಣಿಯ ಕೈ ಬಿರುಸು. ದಡಿಯ ಹತ್ತಿರ ಬಂದಾಗ ಲಾಳಿಯ ನೂಲನ್ನು ಬೇಕಾದದ್ದಕ್ಕಿಂತ ಬಿಗಿಯಾಗಿ ಎಳೆದುಬಿಡುತ್ತಿದ್ದಳು, ಹಾಗಾಗಿ ಅವಳು ನೇಯ್ದ ಸೀರೆಯ ಅಂಚು ಅಲ್ಲಲ್ಲಿ ಯಾರೋ ಚಿವುಟಿದಂತೆ ಒಳಕ್ಕೆ ಸರಿದಿರುತ್ತಿತ್ತು. ಇದೊಂದಕ್ಕೆ ಗಂಡ ಹೆಂಡತಿಗೆ ನಡೆಯದ ಜಗಳವಿಲ್ಲ. "ನೀ ಸೀರಿ ನೇಯ್ತಿಯೋ, ಸೀರಿ ಕೂಡ ಕುಸ್ತಿ ಹಿಡೀತಿಯೋ?" ಎಂದು ಅವನು, "ನಿನ್ನ ದಡಿ ನೆಟ್ಟಗೈತಿ, ನಡತಿ ನೆಟ್ಟಗ ಮಾಡ್ಕೋ" ಎಂದು ಅವಳು. ಕಳೆದ ಗಾಳಿಶ್ರಾವಣದಲ್ಲಿ ಜ್ವರ ಬಂತು, ದಾಕ್ಷಾಯಿಣಿ ಹೋದಳು. ಆರು ವರ್ಷದ ಮಗಳು ಶಾಲ್ಮಲಿ ಉಳಿದಳು, ಮಗ್ಗದ ಮೇಲೆ ಅವಳು ಅರ್ಧ ನೇಯ್ದ ಹಸಿರು ಸೀರೆ ಉಳಿಯಿತು.

ಫಕೀರೇಶ ಅಳಲಿಲ್ಲ. ಮಣ್ಣು ಮಾಡಿ ಬಂದ, ಸ್ನಾನ ಮಾಡಿದ, ಮಗಳ ಜಡೆ ಹೆಣೆದ. ಜಡೆ ಸೊಟ್ಟಗಾಯಿತೆಂದು ಬಿಚ್ಚಿ ಮತ್ತೆ ಹೆಣೆದ. ಆಮೇಲೆ ಮಗ್ಗಕ್ಕೆ ಇಳಿದ. ಹನ್ನೊಂದನೆಯ ದಿನ ಕಟ್ಟೆಯ ಮೇಲೆ ಕೂರಿಸಿದರೆ ಊರೆಲ್ಲ ಅವನ ಮುಖ ನೋಡುತ್ತಿತ್ತು, ಅವನು ತನ್ನ ಕೈ ನೋಡುತ್ತಿದ್ದ. ಏನಾದರೂ ಹೇಳಪ್ಪಾ ಎಂದು ಕಟ್ಟೆಯ ಹಿರಿಯಳಾದ ಸಂಗಮ್ಮತಾಯಿ ಮೂರು ಸಲ ಕೇಳಿದರು. "ಏನ್ ಹೇಳ್ಲಿರಿ ತಾಯಿ, ಆಕಿ ಇಲ್ಲ" ಅಂದ, ಅಷ್ಟೇ. ಸಂಗಮ್ಮತಾಯಿ ಕೆಟ್ಟವರಲ್ಲ. ಹೆಪ್ಪು ಎಂದು ಸಾರಿದರೂ, ಮತ್ತೆ ಕಟ್ಟೆ ಹತ್ತಿ ಅಳಲು ಇನ್ನೊಂದು ಕರಗುದಿನದ ಅವಕಾಶ ಕೊಟ್ಟರು, ಅಲ್ಲಿಯವರೆಗೆ ಶಾಲ್ಮಲಿಯನ್ನು ಮಕ್ಕಳ ಮನೆಗೆ ಕರೆದೊಯ್ದರು. ಆಗಲೂ ಕರಗದಿದ್ದರೆ ಮಗು ಅವನದಲ್ಲ. ಹೋಗುವಾಗ ಅವಳು ಅಪ್ಪನ ಅಂಗಿ ಬಿಡಲಿಲ್ಲ, ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು. ನಾನು ಗೊಳೋ ಎಂದು ಅತ್ತೆ. ನನಗೇನು, ನಾನು ಹೆಂಗಸು, ನನ್ನ ಅಳುವನ್ನು ಅಳೆಯುವವರು ಯಾರೂ ಇಲ್ಲ.

ಅವಳನ್ನು ಕರೆದೊಯ್ದ ಮರುದಿನ ನಾನು ಮಗ್ಗದ ಮನೆಗೆ ಹೋಗಿ ನೋಡಿದೆ. ಅವನು ಆ ಹಸಿರು ಸೀರೆಯನ್ನೇ ಮುಂದುವರಿಸಿದ್ದ. ದಾಕ್ಷಾಯಿಣಿ ಎಲ್ಲಿ ಬಿಟ್ಟಳು, ಇವನು ಎಲ್ಲಿ ಹಿಡಿದ ಎಂಬ ಗುರುತೇ ಇರಲಿಲ್ಲ. ಯಾಕೆಂದು ಬಗ್ಗಿ ನೋಡಿದರೆ, ಇವನು ನೇಯ್ದ ದಡಿಯೂ ಚಿವುಟಿತ್ತು. ಊರಲ್ಲೇ ನೆಟ್ಟಗೆ ದಡಿ ಹಿಡಿಯುವವನು, ಜೀವಮಾನವೆಲ್ಲ ಬೈದ ತಪ್ಪನ್ನು ತಾನೇ ಕೈಯಾರೆ ಮಾಡುತ್ತಿದ್ದ, ಅವಳು ಎಳೆಯುತ್ತಿದ್ದ ಹಾಗೆಯೇ ಎಳೆಯುತ್ತಿದ್ದ. ಇವನನ್ನು ಹೆಪ್ಪು ಅನ್ನುತ್ತಾರಲ್ಲ ದೇವರೇ!

ಸೀರೆಯ ಮಾತನ್ನು ಸಂಗಮ್ಮತಾಯಿಗೆ ಹೇಳಿದೆ. ಅವರು ಬಂದು ದಡಿ ಮುಟ್ಟಿ ನೋಡಿದರು. ಆಮೇಲೆ, "ತಂಗಿ, ನನಗ ತಿಳೀತೈತಿ. ಆದ್ರ ಮಂದಿಗೆ ಹೆಂಗ ತಿಳಸ್ಲಿ? ಹಿಂಗ ದುಃಖ ಪಡೋ ಗಂಡಸನ್ನ ಯಾರರ ಎಲ್ಲಿಯರ ನೋಡ್ಯಾರೇನು? ಒಂದು ಚಿತ್ರದಾಗ ತೋರಿಸು, ನಾ ಮಾತಾಡ್ತೀನಿ" ಅಂದರು. ಪರದೆಯ ಮೇಲೆ ನೋಡಿದ್ದನ್ನಷ್ಟೇ ನಮ್ಮ ಮಂದಿ ಮನುಷ್ಯರಲ್ಲಿ ಗುರುತಿಸುತ್ತಾರೆ. ನೀವೂ ಹಾಗೆಯೇ ಇದ್ದಿರಿ ಎಂದು ನನ್ನ ಗುಮಾನಿ.

ಆಗ ಹುಡುಕಲು ಕೂತೆ. ನಿಮ್ಮ ಚಿತ್ರಗಳನ್ನೆಲ್ಲ ಜಾಲಾಡಿದೆ. ದುಃಖವಾದರೆ ಕೊಡಲಿ ಎತ್ತುವವರು ಸಿಕ್ಕರು, ಕುಡಿಯುವವರು ಸಿಕ್ಕರು, ಬೆಟ್ಟದ ತುದಿಯಲ್ಲಿ ಬೆನ್ನು ತೋರಿಸಿ ನಿಲ್ಲುವವರು ರಾಶಿ ರಾಶಿ ಸಿಕ್ಕರು. ನಮ್ಮ ಚಿತ್ರಗಳಲ್ಲಿ ಬರೀ ಹನಿದಾರಿಗಳು. ನಡುವಿನವನೊಬ್ಬ ಬೇಕಾಗಿತ್ತು, ಅವನನ್ನು ನೀವೂ ತೆಗೆದಿಲ್ಲ, ನಾವೂ ತೆಗೆದಿಲ್ಲ. ಕಡೆಗೆ ಹೆಸರಿನ ಪಟ್ಟಿಯೇ ಹರಿದುಹೋದ ಒಂದು ಚಿತ್ರದಲ್ಲಿ ಅವನು ಕಂಡ. ಮುಂದುಗಡೆ ನಾಯಕ ಚಿತೆಯ ಎದುರು ಎದೆ ಸೆಟೆಸಿ ಶಪಥ ಮಾಡುತ್ತಿದ್ದಾನೆ. ಹಿಂದುಗಡೆ, ಗುಂಪಿನಲ್ಲಿ, ದಿನಗೂಲಿಗೆ ಬಂದ ಒಬ್ಬ ಮುದುಕ ತನ್ನ ಹೆಗಲ ಮೇಲಿನ ಟವೆಲ್ ತೆಗೆದು, ಚಳಿಗೆ ನಡುಗುತ್ತಿದ್ದ ಒಂದು ಹುಡುಗಿಯ ತಲೆಗೆ ಸುತ್ತುತ್ತಾನೆ, ಗಂಟು ಹಾಕುತ್ತಾನೆ, ಬಿಗಿಯಾಯಿತೇನೋ ಎಂದು ಬೆರಳು ತೂರಿಸಿ ನೋಡುತ್ತಾನೆ. ಯಾರೂ ಅವನಿಗೆ ಹಾಗೆ ಮಾಡೆಂದು ಹೇಳಿರಲಿಕ್ಕಿಲ್ಲ. ಅಷ್ಟರಲ್ಲಿ ನಾಯಕನ ಭುಜ ಅಡ್ಡ ಬಂದು ಅವನು ಮರೆಯಾಗುತ್ತಾನೆ.

ಅದನ್ನೇ ದೊಡ್ಡದು ಮಾಡಿ ಕಟ್ಟೆಯವರಿಗೆ ತೋರಿಸಿದೆ. ಮತ್ತೆ ಹಾಕು ಅಂದರು, ಹಾಕಿದೆ. "ಇಂವಾ ಹೀರೋ ಅಲ್ಲಲ್ಲ" ಎಂದು ಒಬ್ಬರು ಅಂದರು. ಉಳಿದವರು ತಲೆಯಾಡಿಸಿದರು. ಸಂಗಮ್ಮತಾಯಿ ನನ್ನ ಕಡೆ ನೋಡದೆ ಎದ್ದುಹೋದರು.

ಇನ್ನು ಉಳಿದದ್ದು ಒಂದೇ ದಾರಿ. ನಾನು ತಮ್ಮನ ಮುಂದೆ ಸೆರಗೊಡ್ಡಿ ಬೇಡಿಕೊಂಡೆ, ಸುಳ್ಳಾದರೂ ಅಳು ಎಂದು. ಊರೆಲ್ಲ ಸುಳ್ಳೇ ಅಳುತ್ತದೆ, ಯಾರಿಗೆ ಗೊತ್ತಿಲ್ಲ? ಅವನು ಲಾಳಿ ಕೆಳಗಿಟ್ಟ. "ಯಕ್ಕಾ, ಆಕಿ ಸಲುವಾಗಿ ಸುಳ್ಳ ಅಳ್ಲೇನು?" ಎಂದು ಕೇಳಿದ. "ಆಕಿ ಸಲುವಾಗಿ ಅಲ್ಲೋ, ಮಗಳ ಸಲುವಾಗಿ" ಅಂದೆ. ಮರುದಿನ ಅವನು ತಾನಾಗಿಯೇ ಅಳುಮಾಸ್ತರನ ಮನೆಗೆ ಹೋದ.

ಕರಗುದಿನ ಬಂತು. ಗಡ್ಡದಲ್ಲಿ ಹನಿದಾರಿ ಬೋಳಿಸಿಕೊಂಡು ನನ್ನ ತಮ್ಮ ಕಟ್ಟೆ ಹತ್ತಿದ. ಈಗ ಎಲ್ಲರ ಬಾಯಲ್ಲಿರುವ ಚಿತ್ರದ ನಾಯಕನಂತೆಯೇ ಎಡಗೈ ಎದೆಯ ಮೇಲಿಟ್ಟ, ತಲೆ ಸ್ವಲ್ಪ ಓರೆ ಮಾಡಿದ, ದಾಕ್ಷಾಯಿಣೀ ಎಂದು ಕೂಗಿದ. ಬದುಕಿದ್ದಾಗ ಅವಳನ್ನು ದಾಕಿ ಎಂದಲ್ಲದೆ ಬೇರೆ ಕರೆದವನಲ್ಲ. ಹನಿ ಇಳಿಯಿತು. ಮಂದಿ ಹೂವು ತೂರಿದರು, ಅಳುಮಾಸ್ತರ ಕೈಯೆತ್ತಿ ಎಲ್ಲರಿಗೂ ನಮಸ್ಕಾರ ಮಾಡಿದ. ನಾಚಿಕೆಯಿಂದ ನನ್ನ ಮೈ ಹಿಡಿಯಾಯಿತು. ಅದೇ ಸಂಜೆ ಶಾಲ್ಮಲಿ ಮನೆಗೆ ಬಂದಳು. ಅಪ್ಪ ಅತ್ತದ್ದನ್ನು ಮಕ್ಕಳ ಮನೆಯ ಪರದೆಯಲ್ಲಿ ಅವಳಿಗೂ ತೋರಿಸಿದ್ದರಂತೆ. ಓಡಿ ಬಂದು ಅಪ್ಪನನ್ನು ತಬ್ಬಿಕೊಳ್ಳುತ್ತಾಳೆ ಎಂದು ಕಾದೆವು. ಅವಳು ಬಾಗಿಲಲ್ಲೇ ನಿಂತು, "ಅಪ್ಪಾ, ಇನ್ನ ಹಂಗ ಮಾಡಂಗಿಲ್ಲಲ್ಲಾ?" ಎಂದು ಕೇಳಿದಳು. ಇಲ್ಲವ್ವಾ ಅಂದ ಮೇಲೇ ಒಳಗೆ ಬಂದಳು.

ಮಗು ಮನೆಯಲ್ಲಿದೆ. ಅದಕ್ಕಾಗಿ ದಿನವೂ ಕೈ ಮುಗಿಯುತ್ತೇನೆ. ಆದರೆ ಆ ದಿನದಿಂದ ಫಕೀರೇಶ ಮಗ್ಗಕ್ಕೆ ಇಳಿದದ್ದನ್ನು ನಾನು ಕಂಡಿಲ್ಲ. ಗಾಳಿಕಂಬಗಳಿಗೆ ಎಣ್ಣೆ ಹಾಕುವ ಕೂಲಿಗೆ ಹೋಗುತ್ತಾನೆ. ಮಗಳ ಜಡೆ ಹೆಣೆಯುತ್ತಾನೆ, ರೊಟ್ಟಿ ಬಡಿಯುತ್ತಾನೆ, ಮಗ್ಗದ ಮನೆಯ ಬಾಗಿಲು ಮಾತ್ರ ತೆಗೆಯುವುದಿಲ್ಲ. ಮೊನ್ನೆ ತಡೆಯಲಾರದೆ ಕೇಳಿದೆ. "ಒಂದ್ ದಿನ ಕೂತಿದ್ದೆ ಯಕ್ಕಾ" ಅಂದ, "ದಡಿ ನೆಟ್ಟಗ ಬರಾಕ ಹತ್ತೈತಿ."

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ. ನಿಮ್ಮ ಹುಡುಗರಿಗೆ ಅಳು ಬಂದರೆ ಅಳಲು ಬಿಡಿ, ಬಾರದಿದ್ದರೆ ಅವರ ಕೈ ಏನು ಮಾಡುತ್ತಿದೆ ಎಂದು ನೋಡಿ. ಮತ್ತೆ, ನಿಮ್ಮಲ್ಲಿ ಯಾರಾದರೂ ಚಿತ್ರ ತೆಗೆಯುವವರಿದ್ದರೆ, ಟವೆಲ್ ಸುತ್ತಿದ ಆ ಮುದುಕ ಈಗಲೂ ನಿಮ್ಮಲ್ಲೇ ಎಲ್ಲೋ ಇದ್ದಾನೆ, ನಾಯಕನ ಭುಜದ ಹಿಂದೆ ನಿಂತಿದ್ದಾನೆ. ನಾಯಕನಿಗೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಲು ಹೇಳಿ. ಹಿಂದಿನವನನ್ನು ಮುಂದಕ್ಕೆ ಕರೆದು ನಿಲ್ಲಿಸಿ, ಒಂದೇ ಒಂದು ಚಿತ್ರದಲ್ಲಾದರೂ ಸಾಕು. ಅದು ಎಷ್ಟೇ ಹಾಳಾಗಿ ಕೈಗೆ ಬರಲಿ, ನಾನು ಒರೆಸಿ, ಕೂಡಿಸಿ ಇಟ್ಟುಕೊಳ್ಳುತ್ತೇನೆ, ಕಟ್ಟೆಯವರಿಗೆ ತೋರಿಸಲೆಂದಲ್ಲ. ಒಂದು ಮಧ್ಯಾಹ್ನ ತಮ್ಮನನ್ನು ನನ್ನ ಕೋಣೆಗೆ ಕರೆದು ಕೂರಿಸುತ್ತೇನೆ. ನಿನ್ನಂಥವನೊಬ್ಬ ಇದ್ದ, ನೋಡೋ ಎಂದು ತೋರಿಸುತ್ತೇನೆ. ಹಸಿರು ಸೀರೆಗೆ ಇನ್ನೂ ಸೆರಗು ನೇಯುವುದು ಬಾಕಿ ಇದೆ.